ತೀರ್ಮಾನಕ್ಕೆ ಮುಂಚೆ ಏಳು ಬೀಳ್ಕೊಡುಗೆ ಊಟ

ಊರು ಬಿಡುವುದೇ ಗಟ್ಟಿಯಾಗದೆ ಬೀಳ್ಕೊಡುಗೆಯ ಒಬ್ಬಟ್ಟು ತಿಂದವರನ್ನು ನೀವು ಕಂಡಿದ್ದೀರಾ? ನಾನೇ ಇದ್ದೇನೆ, ನೋಡಿಕೊಳ್ಳಿ. ಒಂದು ತಿಂಗಳಲ್ಲಿ ಏಳು ಮನೆಯಲ್ಲಿ ತಿಂದೆ.

ಆದದ್ದು ಇಷ್ಟು. ನಮ್ಮ ಯಜಮಾನರಿಗೆ (ಡ್ರಾಫ್ಟ್ಸ್‌ಮನ್ ಕೆಲಸ, ಮಾತು ಕಡಿಮೆ) ಮಧ್ಯಪ್ರದೇಶದ ಹೊಸ ಉಕ್ಕಿನ ಕಾರ್ಖಾನೆಯಿಂದ ಕೆಲಸದ ಆರ್ಡರ್ ಬಂತು. ದೊಡ್ಡ ಸಂಬಳ, ಕ್ವಾರ್ಟರ್ಸ್ ಬೇರೆ. ಬರುತ್ತೀರೋ ಇಲ್ಲವೋ ಒಂದು ತಿಂಗಳೊಳಗೆ ತಿಳಿಸಬೇಕು. ಇವರು ನೋಡೋಣ ಎಂದು ಸುಮ್ಮನಾದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿಯುವ ತನಕ ಕೂತಿದ್ದವರು ಬಾಯಿ ತಪ್ಪಿ ವಿಷಯ ಹೇಳಿಬಿಟ್ಟರು. ಮೈಸೂರಿನ ಕಾಫಿಪುಡಿ ಅಂಗಡಿಯಲ್ಲಿ ಹೇಳುವುದೂ ಒಂದೇ, ಟೌನ್‌ಹಾಲ್ ಮುಂದೆ ಮೈಕ್ ಹಿಡಿಯುವುದೂ ಒಂದೇ.

ಸಂಜೆಯೊಳಗೆ ನಜರಬಾದಿನ ನಮ್ಮ ಬೀದಿ ನಮ್ಮನ್ನು ಕಳಿಸಿಕೊಟ್ಟಾಗಿತ್ತು. ಹಾಲಿನವಳು ಯಾವತ್ತಿನಿಂದ ನಿಲ್ಲಿಸಲಿ ಎಂದು ಕೇಳಿದಳು. ಮನೆ ಮಾಲೀಕರು ಯಾರೋ ಗುಮಾಸ್ತರನ್ನು ಕರೆತಂದು ನಮ್ಮ ಬಚ್ಚಲು ತೋರಿಸಿದರು (ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದೆ!). ಆಮೇಲೆ ಶುರುವಾಯಿತು ನೋಡಿ, ಊಟದ ಸರದಿ. ಊರು ಬಿಡುವವರಿಗೆ ಎಲೆ ಹಾಕಿ ಬಡಿಸಿ, ರವಿಕೆ ಕಣ ಕೊಟ್ಟು ಕಳಿಸದಿದ್ದರೆ ನಮ್ಮವರಿಗೆ ಸಮಾಧಾನ ಉಂಟೇ? ಇನ್ನೂ ತೀರ್ಮಾನ ಆಗಿಲ್ಲ ಎಂದರೆ, ಅದು ಆಗುತ್ತೆ, ಮೊದಲು ಕೂತ್ಕೊಳ್ಳಿ ಎನ್ನುತ್ತಿದ್ದರು. ಉಂಡೆವು. ಉಂಡ ಮೇಲೆ ಹೋಗದೆ ಇರುವುದು ಹೇಗೆ ಎಂಬ ಹೊಸ ಸಂಕಟ ಶುರುವಾಯಿತು.

ನನ್ನ ಸಂಕಟವೇ ಬೇರೆ. ಹನ್ನೊಂದು ವರ್ಷದಿಂದ ಮಿಡ್ಲ್‌ಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ಅಲ್ಲಿ ಯಾರಿಗೆ ಬೇಕು ನನ್ನ ಕನ್ನಡ? ಕೊತ್ತಂಬರಿ ಸೊಪ್ಪು ಕೊಳ್ಳುವುದಕ್ಕೂ ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಕನ್ನಡದವರೆಲ್ಲ ಒಂದು ರಾಜ್ಯಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿಲ್ಲ, ನಾವು ಆಗಲೇ ಗಂಟು ಕಟ್ಟುವುದೇ? ಈ ಯೋಚನೆಯಲ್ಲಿ ಒಂದೇ ಪದ್ಯವನ್ನು ಎರಡು ದಿನ ಪಾಠ ಮಾಡಿದೆ. ಮಕ್ಕಳು ಪಾಪ, ಎರಡು ಸಲವೂ ಬರೆದುಕೊಂಡವು. ಇವರ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ಇವರ ಏಳಿಗೆಗೆ ನಾನು ಅಡ್ಡಗಾಲು ಹಾಕಿದೆ ಅಂತ ಆಗಬಾರದಲ್ಲ?

ಏಳನೆಯ ಊಟ ಮೊನ್ನೆ ಭಾನುವಾರ, ಎದುರುಮನೆಯ ಪುಟ್ಟತಾಯಮ್ಮನವರಲ್ಲಿ. ವರುಣದ ಕಡೆಯ ಒಕ್ಕಲು ಮನೆತನ, ಮಾತು ನೇರ. ಕುಂಕುಮ ಕೊಡುವಾಗ ಅವರ ಕಣ್ಣು ಒದ್ದೆಯಾಯಿತು.

"ಹೋಗ್ಬ್ಯಾಡಿ ಅನ್ನಕ್ಕೆ ನಾನ್ಯಾರು ಕಣಮ್ಮ? ಅದ್ಕೇ ಅಡ್ಗೆ ಮಾಡ್ಬುಟ್ಟೆ" ಎಂದರು.

ನನಗೆ ಅಳುವೇ ಬಂತು. ಅವರು ನೆರೆಯವರು, ಹಾಗೆ ಅಂದುಕೊಂಡರೆ ಸರಿ. ನಾನೂ ನೆರೆಯವಳೇನು?

ಮನೆಗೆ ಬಂದೆವು. ಗಡುವಿಗೆ ಎರಡೇ ದಿನ. ಇವರು ಪೆನ್ನಿಗೆ ಇಂಕು ತುಂಬಿ ಒಪ್ಪಿಗೆ ಬರೆಯಲು ಕೂತರು.

"ನಾನು ಬರಲ್ಲ ಕಣ್ರೀ. ನನ್ನ ಸ್ಕೂಲು ಬಿಟ್ಟು ಬರೋಕಾಗಲ್ಲ" ಎಂದುಬಿಟ್ಟೆ.

ಇವರು ರೇಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು. ಇವರಿಗೂ ಹೋಗುವ ಮನಸ್ಸಿರಲಿಲ್ಲವಂತೆ! ಕ್ವಾರ್ಟರ್ಸ್ ಅಂದರೆ ನನಗೆ ಆಸೆಯಿರಬೇಕು ಎಂದುಕೊಂಡು ಸುಮ್ಮನಿದ್ದರಂತೆ. ಆಮೇಲೆ ಉಂಡ ಏಳು ಮನೆ ನೆನಪಾಗಿ ತಲೆ ಮೇಲೆ ಕೈ ಹೊತ್ತು ಕೂತರು.

"ಇದನ್ನ ಒಂದು ತಿಂಗಳ ಹಿಂದೆ ಹೇಳೋಕೆ ನಿಂಗೇನಾಗಿತ್ತು?"

"ಕೇಳೋಕೆ ನಿಮಗೇನಾಗಿತ್ತು?" ಎಂದೆ.