ಐದನೆಯ ಚರಣ

ಜಪಾನಿನ ನಿಶಿ ಕಸಾಯಿಯ ಬಾಡಿಗೆ ಹಾಲ್‌ನಲ್ಲಿ ಪ್ರತಿ ಭಾನುವಾರ ಕೂಡುವ ನಮ್ಮ ಕ್ರೈಸ್ತ ಸಭೆಗೆ ಕೀಬೋರ್ಡ್ ನುಡಿಸುವವನು ನಾನು. ಯಾವ ಸಾಲಿನಲ್ಲಿ ಡ್ರಮ್ ನಿಲ್ಲಬೇಕು, ಪಲ್ಲವಿ ಎಷ್ಟನೇ ಸಲ ಬಂದಾಗ ಜನರ ಕೈಗಳು ಮೇಲೇಳುತ್ತವೆ, ಪ್ರಾರ್ಥನೆ ನಡೆಯುವಾಗ ಯಾವ ಸ್ವರ ಒತ್ತಿಹಿಡಿದರೆ ಕಣ್ಣು ತುಂಬುತ್ತವೆ, ಎಲ್ಲ ಬಲ್ಲೆ. ಅಡುಗೆ ಮಾಡಿದವನಿಗೆ ಹಸಿವಾಗದ ಹಾಗೆ, ಅಷ್ಟು ಜನರ ನಡುವೆ ನನಗೊಬ್ಬನಿಗೆ ಏನೂ ಆಗುತ್ತಿರಲಿಲ್ಲ. ದೇವರೆದುರು ನಿಂತಿದ್ದೇನೆಂಬ ಭಯ ಒಂದೇ ಒಂದು ಹಾಡಿನಲ್ಲಾದರೂ ಮರಳಿ ಬರಲಿ ಎಂದು ಹಾತೊರೆಯುತ್ತಿದ್ದೆ. ಇದನ್ನು ಯಾರ ಬಳಿ ಹೇಳುವುದು? ಹೇಳಿದರೆ ನನಗಾಗಿ ಪ್ರಾರ್ಥಿಸುತ್ತಾರೆ, ಅದರ ಹಿನ್ನೆಲೆಗೂ ನಾನೇ ನುಡಿಸಬೇಕು.

ಕಳೆದ ವರ್ಷ ಹಾಲ್ ಸಿಗದ ಒಂದು ಭಾನುವಾರ ಹತ್ತಿರದ ಗ್ಯೋಟೋಕುವಿನ ಪುಟ್ಟ ಜಪಾನಿ ಚರ್ಚಿಗೆ ಹೋದೆ. ಬಾಗಿಲಲ್ಲಿ ಶೂ ಬಿಚ್ಚಿ, ಅವರಿಟ್ಟಿದ್ದ ಸ್ಲಿಪ್ಪರ್ ಹಾಕಿಕೊಂಡೆ. ಹತ್ತೋ ಹನ್ನೆರಡೋ ಜನ ವಯಸ್ಸಾದವರು, ಕಾಲಲ್ಲಿ ತುಳಿಯುವ ಹಳೆಯ ಆರ್ಗನ್, ಅದರ ಮುಂದೆ ಬೆನ್ನು ಬಾಗಿದ ಒಬ್ಬ ಅಜ್ಜಿ. ಎರಡನೇ ಹಾಡು ಶುರುವಾದಾಗ ಬೆಚ್ಚಿದೆ. ಹುಬ್ಬಳ್ಳಿಯ ಚರ್ಚಿನಲ್ಲಿ ಅಮ್ಮನ ಪಕ್ಕ ನಿಂತು ಹಾಡುತ್ತಿದ್ದ ಅದೇ ರಾಗ! ಅವರು ಜಪಾನಿಯಲ್ಲಿ ಹಾಡಿದರು, ನಾನು ಕಣ್ಣು ಮುಚ್ಚಿ ಕನ್ನಡದಲ್ಲಿ ಹಾಡಿದೆ.

ನಮ್ಮ ಕನ್ನಡ ಪುಸ್ತಕದಲ್ಲಿ ಆ ಹಾಡಿಗೆ ಐದು ಚರಣ. ಅವರದರಲ್ಲಿ ನಾಲ್ಕೇ. ಆರ್ಗನ್ ನಿಂತು ಎಲ್ಲರೂ ಕೂತದ್ದು ಗೊತ್ತಾಗುವಷ್ಟರಲ್ಲಿ ಐದನೆಯದರ ಮೊದಲ ಸಾಲು ನನ್ನ ಬಾಯಿಂದ ಹೊರಟಾಗಿತ್ತು. ನಾಚಿಕೆಯಿಂದ ಕುಗ್ಗಿಹೋದೆ.

“ಸುಮಿಮಾಸೆನ್,” ಎಂದು ಕ್ಷಮೆ ಕೇಳಿದೆ.

ಅಜ್ಜಿ ತಿರುಗಿ ನೋಡಲಿಲ್ಲ. ಅದೇ ಸಾಲನ್ನು ಆರ್ಗನ್ನಿನಲ್ಲಿ ಮೊದಲಿನಿಂದ ಎತ್ತಿಕೊಂಡರು. ಕೂತವರೆಲ್ಲ ಮತ್ತೆ ಎದ್ದು ನಿಂತು ತಲೆ ಬಾಗಿಸಿದರು. ತಮಗೆ ತಿಳಿಯದ ಭಾಷೆಯ ಆ ಚರಣ ಮುಗಿಯುವವರೆಗೆ ಒಬ್ಬರೂ ಅಲುಗಾಡಲಿಲ್ಲ. ನಾನೂ ತಲೆ ಬಾಗಿಸಿ ಕೊನೆಯ ಸಾಲಿನವರೆಗೆ ಹಾಡಿದೆ. ಇಷ್ಟು ವರ್ಷ ನಾನು ಕಾದಿದ್ದ ಭಯ ಆಗ ಬಂತು.

ಮುಂದಿನ ಭಾನುವಾರ ನಮ್ಮ ಸಭೆಯಲ್ಲಿ, ಪ್ರಾರ್ಥನೆಯ ನಡುವೆ ಕೀಬೋರ್ಡಿನಿಂದ ಕೈ ತೆಗೆದೆ. ಆ ಭಯ ಇವರಿಗೂ ದಕ್ಕಲಿ ಎಂಬ ಆಸೆ ನನಗೆ. ಹಾಲ್ ನಿಶ್ಶಬ್ದವಾಯಿತು. ಒಬ್ಬೊಬ್ಬರಾಗಿ ಕಣ್ಣು ತೆರೆದು ನನ್ನತ್ತ ನೋಡತೊಡಗಿದರು. ಹಾಡು ನಡೆಸುವ ಗೆಳೆಯ ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿದ.

“ಏನಾಯ್ತು ಬ್ರದರ್? ಪ್ಲಗ್ ಲೂಸ್ ಆಯ್ತಾ?”

“ಹೂಂ,” ಎಂದೆ. ಬಗ್ಗಿ, ಸರಿಯಾಗಿಯೇ ಇದ್ದ ಪ್ಲಗ್ಗನ್ನು ಇನ್ನೊಮ್ಮೆ ಒತ್ತಿದೆ.