ಲಿಂಡನ್ ಮರಗಳ ಬೀದಿಯಲ್ಲಿ ಕಿತ್ತ ಹೂ

ಬರ್ಲಿನ್ನಿನ ಉಂಟರ್ ಡೆನ್ ಲಿಂಡನ್ ರಸ್ತೆಯ ನಡುವೆ, ಮರಗಳ ಕೆಳಗೆ, ನಡೆಯುವವರಿಗೆಂದೇ ಬಿಟ್ಟ ಅಗಲವಾದ ದಾರಿಯಿದೆ. ಅದರ ತುದಿಯ ಹೂಪಾತಿಯಲ್ಲಿ ಪೂಜೆಗೆಂದು ನಾಲ್ಕು ಹೂ ಕಿತ್ತು ಜೇಬಿಗೆ ಹಾಕಿಕೊಂಡೆ. ತಲೆ ಎತ್ತಿದರೆ ಪಾತಿಗೆ ನೀರು ಹಾಕುವ ಹೆಂಗಸು ಎದುರಿಗೇ ನಿಂತಿದ್ದರು. ಜರ್ಮನ್‌ನಲ್ಲಿ ಏನೋ ಕೇಳಿದರು. ಇಲ್ಲೇ ಹುಟ್ಟಿದ ನನ್ನ ಎಂಟು ವರ್ಷದ ಮೊಮ್ಮಗಳು ಉತ್ತರ ಕೊಟ್ಟಳು.

“ಏನಂದೆ ಪುಟ್ಟಿ?”

“ದೇವರಿಗೆ ಅಂದೆ, ತಾತ. ಕದ್ದಿದ್ದಾದ್ರೂ ದೇವರಿಗೆ ಓಕೆನಾ ಅಂತ ಕೇಳ್ತಿದ್ದಾರೆ.”

ಮೊಮ್ಮಗಳು ನನ್ನ ಕೈ ಬಿಟ್ಟು ಆಕೆಯ ಪಕ್ಕ ಹೋಗಿ ನಿಂತಳು.

ಹಾಸನದಲ್ಲಿ ಇಪ್ಪತ್ತು ವರ್ಷ ಪಕ್ಕದ ಮನೆಯ ಸಾವಿತ್ರಮ್ಮನವರ ದಾಸವಾಳ ಕಿತ್ತವನು ನಾನು. ಅವರು ಹಾಲಿನವನ ಮೇಲೆ ಅನುಮಾನಪಟ್ಟು ಅವನನ್ನು ಬಿಡಿಸಿದಾಗ, ಒಳ್ಳೆಯದಾಯಿತು ಎಂದವನೂ ನಾನೇ. ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆಯನ್ನು ಸಾವಿತ್ರಮ್ಮನವರು ತಪ್ಪದೆ ಓದುತ್ತಾರೆ.