ಕಿಟಕಿಯಕ್ಕ ಓದಿದ ಮೊದಲ ಪುಟ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಇಪ್ಪತ್ತೊಂಬತ್ತು ವರ್ಷ ಕೂತವಳಿಗೆ ಕಿಟಕಿಯಕ್ಕ ಎಂದಲ್ಲದೆ ಇನ್ನೇನು ಹೆಸರು ಬಂದೀತು? ಗಾಜಿನ ನಡುವೆ ಒಂದು ತೂತು, ಒಳಗೊಂದು ಮೈಕು, ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುವ ಫ್ಯಾನು. ಕಿಟಕಿಯ ಮೇಲೆ ಗೋಡೆಯಗಲದ ವೇಳಾಪಟ್ಟಿ. ಅದನ್ನು ಯಾರಾದರೂ ಓದಿದ್ದರೆ ಕೇಳಿ. ಜನ ಅದರ ಕೆಳಗೇ ನಿಂತು ಅದರಲ್ಲಿ ಬರೆದಿದ್ದನ್ನೇ ಕೇಳುತ್ತಿದ್ದರು. ಹೊಸದರಲ್ಲಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬರಬರುತ್ತಾ, ತಪ್ಪು ಜನರದಲ್ಲ, ಪಟ್ಟಿಯದು ಎಂದು ಹೊಳೆಯಿತು. ಜನ ಬಂದವರೇ ಮೊದಲು ಏನು ಕೇಳುತ್ತಾರೋ ಅದರ ಉತ್ತರವನ್ನು ಒಂದು ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗಾಜಿಗೆ ಒರಗಿಸಿಟ್ಟಳು. ಸಾಲು ಅರ್ಧಕ್ಕಿಳಿಯಿತು. ಅಂದಗೆಡುತ್ತದೆಂದು ಸ್ಲೇಟು ತೆಗೆಸಿದ ಮೇಲಧಿಕಾರಿ, ಮೂರೇ ದಿನಕ್ಕೆ ಬಾಯಿ ಮುಚ್ಚಿಕೊಂಡು ತಾನೇ ತಂದಿಟ್ಟ.

ಈಗ ಆ ಕಿಟಕಿ ಇಲ್ಲ. ಅಲ್ಲೊಂದು ಪರದೆ ಮಿನುಗುತ್ತದೆ. ಆ ಕಡೆ ಹೋದಾಗೆಲ್ಲ ಅವಳು ಆ ಗೋಡೆಯ ಹತ್ತಿರ ಒಂದು ಗಳಿಗೆ ನಿಂತು ಬರುತ್ತಾಳೆ.

ಒಂದು ಶನಿವಾರ ಮಧ್ಯಾಹ್ನ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತಂದಿಟ್ಟಳು. ಅವಳೂ ಅವಳ ಗೆಳೆಯನೊಬ್ಬನೂ ಸೇರಿ ಕ್ಲಿನಿಕ್ಕುಗಳಿಗೆ ಒಂದು ಸಾಫ್ಟ್‌ವೇರ್ ಮಾಡಿದ್ದರು. ರೋಗಿಯ ಸರದಿ ಯಾವಾಗ ಬರುತ್ತದೆಂದು ಅವನ ಫೋನಿಗೇ ತಿಳಿಯುತ್ತದೆ, ಬೆಂಚು ಕಾಯುವ ಪಾಡಿಲ್ಲ. ಅದನ್ನು ಪರಿಚಯಿಸುವ ವೆಬ್‌ಸೈಟಿನ ಮೊದಲ ಪುಟವನ್ನು ನಲವತ್ತು ವೈದ್ಯರಿಗೆ ಕಳಿಸಿದ್ದಾಯಿತು. ಒಬ್ಬರೂ ಸೇರಲಿಲ್ಲ. ಸೋಮವಾರದೊಳಗೆ ಯಾರೂ ಸೇರದಿದ್ದರೆ ಹಳೇ ಕೆಲಸಕ್ಕೆ ಮರಳುತ್ತೇನೆಂದು ಗೆಳೆಯ ಹೇಳಿಬಿಟ್ಟಿದ್ದ. ಅವನು ಹೋದರೆ ಎರಡು ವರ್ಷದ ದುಡಿಮೆ ನೀರುಪಾಲು.

"ನೋಡಿ ಹೇಳಮ್ಮ. ಹೇಗಿದೆ?"

ಕಿಟಕಿಯಕ್ಕ ಪುಟ ನೋಡಿದಳು, ಮಗಳ ಗುಳಿಬಿದ್ದ ಕಣ್ಣು ನೋಡಿದಳು. "ಚೆನ್ನಾಗಿದೆ ಕಣೇ. ಬಣ್ಣ ಒಪ್ಪುತ್ತೆ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಳು.

"ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರೆ. ನೀನೂ ಅದನ್ನೇ ಹೇಳ್ಬೇಡಮ್ಮ."

ಮಾತು ನಾಟಿತು. ಕಿಟಕಿಯಕ್ಕ ಎದ್ದು ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಎಳೆದುಕೊಂಡಳು. "ಸರಿ ಹಾಗಾದ್ರೆ. ನೀನು ಕಿಟಕಿ ಒಳಗಿದೀಯ, ನಾನು ಹೊರಗೆ. ನಾನು ಕೇಳಿದ್ದಕ್ಕೆ ಪುಟದಲ್ಲಿ ಇರೋದನ್ನ ಮಾತ್ರ ಓದು. ಕೈಯಿಂದ ಒಂದಕ್ಷರ ಹಾಕ್ಬೇಡ. ಇದೇನಿದು?"

"ಆರೋಗ್ಯ ಸೇವೆಗೆ ಹೊಸ ಆಯಾಮ."

"ಬಸ್ಸು ಎಲ್ಲಿಗೆ ಹೋಗುತ್ತೆ ಅಂದ್ರೆ ಹೊಸ ಬಸ್ಸು ಅಂತೀಯಲ್ಲೇ. ನನಗಿದು ಯಾಕೆ ಬೇಕು?"

ಮಗಳು ಪುಟ ಜಾರಿಸಿದಳು. "ಸಮಗ್ರ, ಸುಲಲಿತ, ಸುಸಜ್ಜಿತ..."

"ಸಾಕು, ನನ್ನ ಬಸ್ಸು ಹೋಯ್ತು."

ಮಗಳಿಗೆ ನಗು ತಡೆಯಲಾಗಲಿಲ್ಲ. ಕಿಟಕಿಯಕ್ಕ ಬಿಡುವವಳಲ್ಲ. "ಜ್ವರ ಬಂದು ಬೆಂಚಿನ ಮೇಲೆ ಕೂತಿದೀನಿ. ಮುಂದೆ ಹದಿನೈದು ಜನ. ಇನ್ನೆಷ್ಟು ಹೊತ್ತು?"

ಮಗಳು ಪುಟವನ್ನು ಕೊನೆಯವರೆಗೂ ಜಾರಿಸಿ ನೋಡಿದಳು. ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

"ಅದು ನನ್ನ ಪ್ರಶ್ನೆ ಅಮ್ಮ," ಎಂದಳು ಮೆಲ್ಲಗೆ. "ಶಾಲೆ ಬಿಟ್ಟು ಬಂದು ನಿನ್ನ ಕುರ್ಚಿ ಪಕ್ಕ ಕೂತು, ಮನೆಗೆ ಹೋಗೋಕೆ ಇನ್ನೆಷ್ಟು ಹೊತ್ತು ಅಂತ ದಿನಾ ಕೇಳ್ತಿದ್ದೆ."

"ನಾನೇನು ಹೇಳ್ತಿದ್ದೆ?"

"ಸುಮ್ನೆ ಕೂತ್ಕೋ ಅಂತ. ಊರಿಗೆಲ್ಲ ನಿಮಿಷ ಹಿಡಿದು ಹೇಳ್ತಿದ್ದೆ. ನನಗೆ ಮಾತ್ರ ಹೇಳ್ತಿರಲಿಲ್ಲ."

ಹಳೇ ಟಿಕೆಟ್ ಪುಸ್ತಕಗಳ ಕಟ್ಟಿಗೆ ಒರಗಿ, ಕಾಲಲ್ಲಿ ಬೂಟು ಇದ್ದಂತೆಯೇ ನಿದ್ದೆಹೋಗುತ್ತಿದ್ದ ಪುಟ್ಟ ಹುಡುಗಿ ಕಿಟಕಿಯಕ್ಕನ ಕಣ್ಣ ಮುಂದೆ ಬಂದಳು. "ಸಂಜೆ ಪಾಳಿಯವನು ಒಂದು ದಿನಾನೂ ಹೊತ್ತಿಗೆ ಬರ್ತಿರಲಿಲ್ಲ ಕಣೇ. ನಿನಗೆ ಸುಳ್ಳು ಹೇಳೋಕೆ ಮನಸ್ಸಾಗ್ತಿರಲಿಲ್ಲ."

"ಗೊತ್ತಿಲ್ಲ ಅಂದಿದ್ರೂ ಸಾಕಿತ್ತಮ್ಮ."

ಕಿಟಕಿಯಕ್ಕ ಕುರ್ಚಿಯನ್ನು ಮತ್ತೆ ಮಗಳ ಪಕ್ಕಕ್ಕೆ ಎಳೆದುಕೊಂಡಳು. ಆಮೇಲೆ ಮಗಳು ಹೊಸ ಆಯಾಮವನ್ನು ಅಳಿಸಿ, ಅದೇ ಜಾಗದಲ್ಲಿ ದಪ್ಪಕ್ಷರದಲ್ಲಿ 'ಇನ್ನೆಷ್ಟು ಹೊತ್ತು?' ಎಂದು ಬರೆದಳು. ಅದರ ಕೆಳಗೆ, 'ನಿಮ್ಮ ಕ್ಲಿನಿಕ್ಕಿನಲ್ಲಿ ಕಾಯುವವರು ಕೇಳುವ ಈ ಪ್ರಶ್ನೆಗೆ ಅವರ ಫೋನೇ ಉತ್ತರ ಕೊಡುತ್ತದೆ.' ಸಮಗ್ರ, ಸುಲಲಿತ, ಸುಸಜ್ಜಿತ ಮೂರೂ ಗಂಟುಮೂಟೆ ಕಟ್ಟಿದವು. ಆ ಸಂಜೆಯೇ ಪುಟ ಮತ್ತೆ ನಲವತ್ತೂ ಜನರಿಗೆ ಹೋಯಿತು.

ಸೋಮವಾರ ಮಧ್ಯಾಹ್ನದೊಳಗೆ ಎರಡು ಕ್ಲಿನಿಕ್ಕು ಸೇರಿದವು. ಒಬ್ಬ ಹಲ್ಲಿನ ವೈದ್ಯರು ಹೀಗೆ ಬರೆದಿದ್ದರು: 'ಚೀಟಿ ಕೊಡುವ ನಮ್ಮ ಹೆಂಗಸು ಇದನ್ನು ಓದಿ, ಬೇಕೇ ಬೇಕು ಎಂದು ಪಟ್ಟುಹಿಡಿದಿದ್ದಾರೆ.' ಆ ಸಾಲನ್ನು ಕಿಟಕಿಯಕ್ಕ ಮೂರು ಸಲ ಓದಿಸಿಕೊಂಡಳು. ಗೆಳೆಯ ಫೋನು ಮಾಡಿ, ಸದ್ಯಕ್ಕೆ ಎಲ್ಲೂ ಹೋಗುವುದಿಲ್ಲ ಎಂದ.

ಫೋನಿಟ್ಟು ಮಗಳು ಕೋಣೆಯಿಂದಲೇ ಕೂಗಿದಳು. "ಅಮ್ಮ, ಹಸಿವಾಗ್ತಿದೆ. ಊಟಕ್ಕೆ ಇನ್ನೆಷ್ಟು ಹೊತ್ತು?"

'ಸುಮ್ನೆ ಕೂತ್ಕೋ' ಎನ್ನುವುದು ಕಿಟಕಿಯಕ್ಕನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡಳು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಗೋಡೆಯ ಗಡಿಯಾರ ನೋಡಿದಳು.

"ಹನ್ನೆರಡು ನಿಮಿಷ," ಎಂದಳು, ಆ ಹಳೇ ಮೈಕಿನ ದನಿಯಲ್ಲಿ. ಹನ್ನೊಂದನೇ ನಿಮಿಷಕ್ಕೆ ತಟ್ಟೆ ಹಾಕಿದ್ದಳು.